ಕಾರ್ಟೂನು ಪೂರ್ವಜ್ಞಾನವಲ್ಲವೇ?

ಬೋಧನಾಭ್ಯಾಸದ ಮೂರನೆಯ ವಾರದ ನನ್ನ ಪಾಠಾವಲೋಕನ ಹಾಳೆಯಲ್ಲಿ ಮಾರ್ಗದರ್ಶಕ ಉಪನ್ಯಾಸಕರು ಬರೆದ ಒಂದು ಸಾಲು ಹೀಗಿದೆ: "ತರಗತಿ ನಿಯಂತ್ರಣ ಚೆನ್ನಾಗಿದೆ. ವಿಷಯಾಂತರಕ್ಕೆ ಅವಕಾಶ ಕೊಟ್ಟಿಲ್ಲ." ಅವರು ಹಿಂದಿನ ಬೆಂಚಿನಲ್ಲಿ ಕುಳಿತು ಕಂಡದ್ದನ್ನು ಪ್ರಾಮಾಣಿಕವಾಗಿಯೇ ಬರೆದಿದ್ದಾರೆ. ಆ ಸಾಲನ್ನು ಓದಿದಾಗ ನನಗೆ ಖುಷಿಯೂ ಆಯಿತು. ಆದರೆ ಅದೇ ಸಂಜೆ ಮರುದಿನದ ಪಾಠಯೋಜನೆ ಬರೆಯಲು ಕುಳಿತಾಗ, ಆ ಮೆಚ್ಚುಗೆ ನನಗೆ ಸಿಕ್ಕಿದ್ದು ನಾನು ಮಾಡಿದ ಒಂದು ತಪ್ಪಿಗಾಗಿ ಎಂದು ಅರಿವಾಯಿತು. ಆ ತಪ್ಪು ಏನು, ಅದನ್ನು ನಾವು ಪ್ರಶಿಕ್ಷಣಾರ್ಥಿಗಳು ಏಕೆ ಪದೇ ಪದೇ ಮಾಡುತ್ತೇವೆ, ತಡೆಯಲು ಏನು ಮಾಡಬಹುದು ಎಂಬ ನನ್ನ ಅಭಿಪ್ರಾಯವನ್ನು ಇಲ್ಲಿ ಮುಂದಿಡುತ್ತಿದ್ದೇನೆ.

ಆ ದಿನ ನಡೆದದ್ದು

ನನಗೆ ಹಂಚಿಕೆಯಾಗಿದ್ದು ಕೋಲಾರ ಜಿಲ್ಲೆಯ ಗಡಿಭಾಗದ ಒಂದು ಸರ್ಕಾರಿ ಶಾಲೆ. ಬೋಧನಾ ಮಾಧ್ಯಮ ಕನ್ನಡ. ಆದರೆ ತರಗತಿಯ ಹೆಚ್ಚಿನ ಮಕ್ಕಳ ಮನೆಮಾತು ತೆಲುಗು. ಕೆಲವರದು ತಮಿಳು, ಕೆಲವರದು ಉರ್ದು. ಕನ್ನಡ ಮನೆಮಾತಿನವರು ಬೆರಳೆಣಿಕೆಯಷ್ಟು. ಗಂಟೆ ಹೊಡೆದು ಮಕ್ಕಳು ಮೈದಾನಕ್ಕೆ ಇಳಿದ ಕೂಡಲೇ ಆಟದ ಮಾತು ತೆಲುಗಿಗೆ ತಿರುಗುತ್ತದೆ. ಒಳಗೆ ಬಂದು ಕುಳಿತ ಮೇಲೆ ನಮ್ಮ ಜೊತೆ ಕನ್ನಡ.

ಎಂಟನೆಯ ತರಗತಿಗೆ 'ಘರ್ಷಣೆ' ಪಾಠ. ಒರಟು ಮೇಲ್ಮೈ, ನುಣುಪಾದ ಮೇಲ್ಮೈ ತೋರಿಸಲು ಮರಳು ಕಾಗದ, ಗಾಜಿನ ತುಂಡು, ಒಂದು ಮರದ ದಿಮ್ಮಿ ಎಲ್ಲವನ್ನೂ ಒಯ್ದಿದ್ದೆ. ದಿಮ್ಮಿಯನ್ನು ದಾರ ಕಟ್ಟಿ ಎಳೆದು ತೋರಿಸಿದೆ. "ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ" ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಅಷ್ಟರಲ್ಲಿ ಮೂರನೆಯ ಸಾಲಿನ ಒಬ್ಬ ಹುಡುಗ ಎದ್ದು ನಿಂತ. ಆ ಮೂರು ವಾರಗಳಲ್ಲಿ ಹಾಜರಿ ಕೂಗಿದಾಗ "ಎಸ್ ಮಿಸ್" ಎನ್ನುವುದನ್ನು ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಕೇಳಿರಲಿಲ್ಲ.

"ಮಿಸ್, ಕಾರ್ಟೂನ್‌ನಲ್ಲಿ ಓಡಕ್ಕೆ ಮುಂಚೆ ಕಾಲು ಗಿರಗಿರ ಅಂತ ನಿಂತಲ್ಲೇ ತಿರುಗ್ತದಲ್ಲ, ಆಮೇಲೆ ಸುಯ್ ಅಂತ ಹೋಗ್ತದೆ. ಅದೂ..."

ತರಗತಿ ನಕ್ಕಿತು. ಇಬ್ಬರು ಕೈ ತಿರುಗಿಸಿ ಅಭಿನಯಿಸಿಯೂ ತೋರಿಸಿದರು. ನನ್ನ ಗಮನ ಹಿಂದಿನ ಬೆಂಚಿನ ಕಡೆ, ಗಡಿಯಾರದ ಕಡೆ. ಇನ್ನು 12 ನಿಮಿಷ ಉಳಿದಿತ್ತು. ವಿಸ್ತರಣೆ, ಮೌಲ್ಯಮಾಪನ ಎರಡೂ ಬಾಕಿ. "ಟಿ.ವಿ. ಕತೆ ಮನೇಲಿ ಹೇಳು. ಈಗ ಪಾಠ ಕೇಳು, ಕೂತ್ಕೋ" ಎಂದೆ. ಅವನು ಕುಳಿತ. ತರಗತಿ ನಿಶ್ಶಬ್ದವಾಯಿತು. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು.

ಆ ಸಂಜೆ ನನಗೆ ಹೊಳೆದದ್ದು ಇಷ್ಟು: ಆ ಹುಡುಗ ಪಾಠದ ಅತ್ಯಂತ ಕಠಿಣ ಭಾಗಕ್ಕೆ ಕೈ ಹಾಕಿದ್ದ. ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ ಎಂದು ಬರೆದಷ್ಟು ಸುಲಭವಾಗಿ, ಘರ್ಷಣೆ ಇಲ್ಲದೆ ನಡೆಯಲು ಸಾಧ್ಯವಿಲ್ಲ ಎಂಬುದನ್ನು ಮಕ್ಕಳಿಗೆ ಮನಗಾಣಿಸಲಾಗುವುದಿಲ್ಲ. ಮೊದಲ ವಾಕ್ಯ ಕೇಳಿದ ಮಗುವಿಗೆ ಘರ್ಷಣೆ ಎಂದರೆ ತಡೆ, ಶತ್ರು. ಆದರೆ ನಡೆಯುವಾಗ ನಮ್ಮ ಪಾದ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಪಾದ ಹಿಂದಕ್ಕೆ ಜಾರದಂತೆ ತಡೆಯುವ ಘರ್ಷಣೆಯೇ ನಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಆ ಘರ್ಷಣೆ ಸಾಲದಿದ್ದರೆ ಏನಾಗುತ್ತದೆ? ಕಾಲು ನಿಂತಲ್ಲೇ ತಿರುಗುತ್ತದೆ. ಅದನ್ನೇ ಅವನು ಕೇಳಿದ್ದ. ನಾನು ಅವನ ಬಾಯಿ ಮುಚ್ಚಿಸಿ, ಮಾರನೆಯ ದಿನದ ಯೋಜನೆಯಲ್ಲಿ 'ಘರ್ಷಣೆಯ ಅನುಕೂಲಗಳು' ಎಂಬ ತಲೆಬರಹ ಬರೆಯುತ್ತಾ ಕುಳಿತಿದ್ದೆ.

ಒಂದೇ ಚಿತ್ರ, ಹಲವು ದನಿ

ಕಾರ್ಟೂನು ಎಂದ ಕೂಡಲೇ ನಾವು ಅದನ್ನು 'ವಿಷಯಾಂತರ'ದ ಪಟ್ಟಿಗೆ ಸೇರಿಸುವುದು ಏಕೆ? ಹೊಲ, ಸಂತೆ, ಅಡುಗೆಮನೆಯಿಂದ ಉದಾಹರಣೆ ತಂದರೆ 'ಸ್ಥಳೀಯ ಪರಿಸರದ ಬಳಕೆ' ಎಂದು ಅಂಕ ಸಿಗುತ್ತದೆ. ಟಿ.ವಿ.ಯಿಂದ ತಂದರೆ ಶಿಸ್ತಿನ ಪ್ರಶ್ನೆಯಾಗುತ್ತದೆ. ಇಂದಿನ ಮಗುವಿಗೆ ಟಿ.ವಿ.ಯೂ ಮನೆಯ ಪರಿಸರವೇ.

ನಾನು ಕೂಡ ಆ ಪರಿಸರದಲ್ಲೇ ಬೆಳೆದವಳು. ಭಾರತಕ್ಕೆ ಕಾರ್ಟೂನ್ ನೆಟ್‌ವರ್ಕ್ ಬಂದದ್ದು 1995ರಲ್ಲಿ. ನಮ್ಮಂತಹ ಊರುಗಳ ಮಕ್ಕಳಿಗೆ ಅದರ ಚಿತ್ರ ಅರ್ಥವಾಗುತ್ತಿತ್ತು, ಮಾತು ಅರ್ಥವಾಗುತ್ತಿರಲಿಲ್ಲ. ಸನ್ ಸಮೂಹ 2007ರಲ್ಲಿ ತಮಿಳಿನಲ್ಲಿ ಚುಟ್ಟಿ ಟಿ.ವಿ. ಶುರುಮಾಡಿತು. 2009ರಲ್ಲಿ ತೆಲುಗಿಗೆ ಕುಶಿ, ಕನ್ನಡಕ್ಕೆ ಚಿಂಟು ಬಂದವು. 2011ರಲ್ಲಿ ಮಲಯಾಳಕ್ಕೆ ಕೊಚ್ಚು ಟಿ.ವಿ. ಬಂತು. ಹೆಸರು ಬೇರೆ, ಭಾಷೆ ಬೇರೆ, ಆದರೆ ಅನೇಕ ಕಾರ್ಯಕ್ರಮಗಳು ಒಂದೇ. ಡೋರಾ ಎಂಬ ಹುಡುಗಿ ತನ್ನ ಚೀಲ, ನಕ್ಷೆ, ಕೋತಿಯೊಂದಿಗೆ ನಾಲ್ಕೂ ಭಾಷೆಗಳಲ್ಲಿ ಊರೂರು ಸುತ್ತಿದಳು. ಬೇರೆ ಕೆಲವು ಸಂಸ್ಥೆಗಳು ಇನ್ನೊಂದು ದಾರಿ ಹಿಡಿದವು: ವಾಹಿನಿ ಒಂದೇ, ಧ್ವನಿ ಮಾತ್ರ ಹಲವು ಭಾಷೆಗಳಲ್ಲಿ. ರಿಮೋಟಿನ ಗುಂಡಿ ಒತ್ತಿದರೆ ಅದೇ ಪಾತ್ರ ಹಿಂದಿಯಿಂದ ತಮಿಳಿಗೆ, ತೆಲುಗಿಗೆ ಹೊರಳುತ್ತದೆ.

ಕನ್ನಡದ ಮಟ್ಟಿಗೆ ಇದರಲ್ಲಿ ಒಂದು ವಿಶೇಷವಿದೆ. ನಮ್ಮಲ್ಲಿ 1960ರ ದಶಕದಿಂದ ಡಬ್ಬಿಂಗ್‌ಗೆ ಚಿತ್ರರಂಗದ ವಿರೋಧ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಆದೇಶ ಕೊಡುವವರೆಗೂ ಬೇರೆ ಭಾಷೆಯ ಚಲನಚಿತ್ರ, ಧಾರಾವಾಹಿಗಳು ಕನ್ನಡದ ದನಿಯಲ್ಲಿ ಬರುವುದು ತೀರಾ ಅಪರೂಪ. ಮಕ್ಕಳ ಕಾರ್ಟೂನಿಗೆ ಮಾತ್ರ ಆ ತಡೆ ಇರಲಿಲ್ಲ. ಡಬ್ಬಿಂಗ್ ಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿ ನನ್ನ ವಿಷಯವಲ್ಲ. ಆದರೆ ಹೊರಗಿನ ಲೋಕದ ಕಾಡು, ಹಿಮ, ಸಮುದ್ರ, ಯಂತ್ರಗಳ ಬಗ್ಗೆ ನನ್ನ ವಯಸ್ಸಿನ ಅನೇಕರು ಪರದೆಯ ಮೇಲೆ ಕನ್ನಡದಲ್ಲಿ ಮೊದಲು ಕೇಳಿದ್ದು ಕಾರ್ಟೂನಿನಿಂದ ಎಂಬುದನ್ನು ಒಬ್ಬ ವಿಜ್ಞಾನ ಶಿಕ್ಷಕಿಯಾಗಲಿರುವವಳು ಮರೆಯಬಾರದು.

ಈಗ ಮತ್ತೆ ನನ್ನ ತರಗತಿಗೆ ಬರುತ್ತೇನೆ. ಮರುದಿನ ಹಾಜರಿ ಮುಗಿಸಿದ ಮೇಲೆ ಮಕ್ಕಳನ್ನು ಸುಮ್ಮನೆ ಕೇಳಿದೆ: ಯಾರ‍್ಯಾರ ಮನೆಯಲ್ಲಿ ಕಾರ್ಟೂನು ಯಾವ ಭಾಷೆಯಲ್ಲಿ ಬರುತ್ತದೆ? ತೆಲುಗು ಎಂದವರು ಹೆಚ್ಚು. ಕನ್ನಡ, ತಮಿಳು, ಹಿಂದಿ ಎಂದವರೂ ಇದ್ದರು. ಅಪ್ಪನ ಮೊಬೈಲಿನಲ್ಲಿ ಯಾವುದು ಬಂದರೆ ಅದು ಎಂದವರೂ ಇದ್ದರು. ಆದರೆ ಓಡುವ ಮುಂಚೆ ನಿಂತಲ್ಲೇ ತಿರುಗುವ ಆ ಕಾಲುಗಳನ್ನು ನೋಡದ ಮಗು ಒಂದೂ ಇರಲಿಲ್ಲ. 1940ರಲ್ಲಿ ಹನ್ನಾ ಮತ್ತು ಬಾರ್ಬೆರಾ ಜೋಡಿ ಹುಟ್ಟುಹಾಕಿದ ಟಾಮ್ ಮತ್ತು ಜೆರ್ರಿಯಿಂದ ಹಿಡಿದು ಇಂದಿನ ನಮ್ಮ ದೇಶದ ಕಾರ್ಟೂನುಗಳವರೆಗೂ ಕಾಣುವ ಹಳೆಯ ತಮಾಷೆ ಅದು. ಟಾಮ್ ಮತ್ತು ಜೆರ್ರಿಗಂತೂ ಹೆಚ್ಚು ಮಾತೇ ಬೇಕಿಲ್ಲ.

ಇದರ ಅರ್ಥ ಸರಳ. ನನ್ನ ತರಗತಿಯ ಮಕ್ಕಳ ಮನೆಗಳಲ್ಲಿ ನಾಲ್ಕು ಭಾಷೆ, ಹಲವು ಕಸುಬು, ಬೇರೆ ಬೇರೆ ಹಬ್ಬ. ಎಲ್ಲರೂ ಸಮಾನವಾಗಿ ಬಲ್ಲ ಒಂದು ಉದಾಹರಣೆ ಹುಡುಕುವುದು ಸುಲಭವಲ್ಲ. ಪಠ್ಯಪುಸ್ತಕದ ಉದಾಹರಣೆಯೂ ಎಲ್ಲರಿಗೂ ಪರಿಚಿತವಲ್ಲ. ಆ ಕೋಣೆಯಲ್ಲಿ ಎಲ್ಲರೂ ಓದಿದ್ದ ಒಂದೇ 'ಪಠ್ಯ' ಆ ತಿರುಗುವ ಕಾಲು. ಅದನ್ನು ಒಬ್ಬ ಹುಡುಗ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದ.

'ಘರ್ಷಣೆ' ಎಂದರೆ ಜಗಳ

ಇನ್ನೊಂದು ವಿಷಯವೂ ಆಗ ಬೆಳಕಿಗೆ ಬಂತು. ಹಿಂದಿನ ದಿನ ನಾನು ವ್ಯಾಖ್ಯೆ ಬರೆಸಿದ್ದ ಪದದ ಅರ್ಥವನ್ನೇ ಕೇಳಿದೆ. "ಘರ್ಷಣೆ ಅಂದ್ರೆ ಏನು?" ಒಬ್ಬಳು ಥಟ್ಟನೆ ಹೇಳಿದಳು: "ಜಗಳ ಮಿಸ್. ನ್ಯೂಸ್‌ನಲ್ಲಿ ಬರ್ತದಲ್ಲ, ಎರಡು ಗುಂಪಿನ ನಡುವೆ ಘರ್ಷಣೆ ಅಂತ."

ಅವಳ ಉತ್ತರ ತಪ್ಪಲ್ಲ. ಕನ್ನಡ ಪತ್ರಿಕೆಯಲ್ಲಿ, ಟಿ.ವಿ. ವಾರ್ತೆಯಲ್ಲಿ ಆ ಪದ ಬರುವುದೇ ಆ ಅರ್ಥದಲ್ಲಿ. ತೆಲುಗಿನಲ್ಲೂ ಇದೇ ಪದ, ಅಲ್ಲಿಯೂ ಅದಕ್ಕೆ ಆ ಅರ್ಥವಿದೆ. ಹೀಗಿರುವಾಗ "ಘರ್ಷಣೆಯಿಂದ ಶಾಖ ಉತ್ಪತ್ತಿಯಾಗುತ್ತದೆ" ಎಂಬ ವಾಕ್ಯ ಅವಳ ತಲೆಯಲ್ಲಿ ಏನಾಗಿ ಇಳಿದಿರಬಹುದು? ನಾನು ಬರೆದ ಕಲಿಕಾಂಶಗಳು ಸರಿಯಾಗಿದ್ದವು, ಆದರೆ ಪದವೇ ಮಗುವನ್ನು ತಲುಪಿರಲಿಲ್ಲ.

ಆಗ ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಗೆರೆ ಎಳೆದು, ಎರಡು ವಸ್ತು ಒಂದಕ್ಕೊಂದು ತಾಗಿ ಸರಿಯುವುದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. ಕನ್ನಡದವರು ತಿಕ್ಕು, ಉಜ್ಜು ಎಂದರು. ತೆಲುಗಿನವರು ರುದ್ದು ಎಂದರು. ತಮಿಳಿನ ಹುಡುಗಿ ಉರಾಯ್ ಎಂದಳು. ಉರ್ದು ಮನೆಮಾತಿನವರು ರಗಡ್ ಎಂದರು. ತಾಗಿದರೂ ಹಿಡಿತ ಸಿಗದೆ ಹೋದರೆ? ಕನ್ನಡದಲ್ಲಿ ಜಾರು, ತೆಲುಗಿನಲ್ಲೂ ಜಾರು. ಅದು ಎರಡೂ ಭಾಷೆಗೆ ಒಂದೇ ಎಂದು ಮಕ್ಕಳಿಗೇ ಆಶ್ಚರ್ಯವಾಯಿತು. ಎಲ್ಲ ಪದಗಳನ್ನೂ ಕನ್ನಡ ಲಿಪಿಯಲ್ಲಿ ಬರೆದು, ಕೊನೆಗೆ 'ಘರ್ಷಣೆ' ಎಂದು ಬರೆದೆ. ವಿಜ್ಞಾನದಲ್ಲಿ ಈ ಎಲ್ಲ ಪದಗಳಿಗೂ ಸೇರಿ ಇಟ್ಟ ಹೆಸರು ಇದು ಎಂದೆ. ಇದಕ್ಕೆ ಹಿಡಿದದ್ದು ಐದಾರು ನಿಮಿಷ.

ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವಾಗಿ ಬಳಸಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಎಂದೂ ಹೇಳುತ್ತದೆ. ಇವೆರಡನ್ನೂ ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೇನೆ. ತರಗತಿಯಲ್ಲಿ ಅದನ್ನು ನೆನಪಿಸಲು ಒಬ್ಬ ಹುಡುಗನ ಕಾರ್ಟೂನು ಬೇಕಾಯಿತು.

ಮತ್ತೆ ಅದೇ ಪಾಠ

ಆ ದಿನ ಅವಲೋಕನ ಇರಲಿಲ್ಲ. "ನಿನ್ನೆ ನೀನು ಏನೋ ಕೇಳಿದ್ದೆ, ಹೇಳು" ಎಂದು ಆ ಹುಡುಗನನ್ನು ಕೇಳಿದೆ. "ಏನಿಲ್ಲ ಮಿಸ್" ಎಂದು ತಲೆ ತಗ್ಗಿಸಿದ. ಒತ್ತಾಯ ಮಾಡಲಿಲ್ಲ. ಅವನ ಪ್ರಶ್ನೆಯನ್ನು ನಾನೇ ತರಗತಿಗೆ ಹೇಳಿದೆ, ಅದು ಒಳ್ಳೆಯ ಪ್ರಶ್ನೆ, ನಿನ್ನೆ ಕೇಳಿಸಿಕೊಳ್ಳದೆ ಇದ್ದದ್ದು ನನ್ನ ತಪ್ಪು ಎಂದೂ ಹೇಳಿದೆ. ಕಾಲು ತಿರುಗಿದರೂ ಟಾಮ್ ಏಕೆ ಮುಂದೆ ಹೋಗುವುದಿಲ್ಲ?

ಮೊದಲ ಉತ್ತರ, "ಸುಮ್ನೆ ತಮಾಷೆಗೆ ಮಿಸ್." ಎರಡನೆಯದು, "ಕಾಲು ನೆಲಕ್ಕೆ ತಾಗಿಲ್ಲ." ಮೂರನೆಯದು ಸೈಕಲ್ಲಿನಲ್ಲಿ ಶಾಲೆಗೆ ಬರುವ ಹುಡುಗಿಯಿಂದ: "ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದಂಗೆ ಮಿಸ್. ಚಕ್ರ ತಿರುಗ್ತದೆ, ಸೈಕಲ್ ಹೋಗಲ್ಲ."

ನನ್ನ ಮರಳು ಕಾಗದ, ಗಾಜಿನ ತುಂಡುಗಳಿಗಿಂತ ಅದು ಎಷ್ಟೋ ಉತ್ತಮ ಪ್ರಯೋಗ. ಅವಳ ಸೈಕಲ್ಲನ್ನೇ ಜಗುಲಿಗೆ ತಂದೆವು. ಸ್ಟ್ಯಾಂಡ್ ಹಾಕಿ ಪೆಡಲ್ ತಿರುಗಿಸಿದರೆ ಹಿಂದಿನ ಚಕ್ರ ಗಾಳಿಯಲ್ಲಿ ತಿರುಗಿತು, ಸೈಕಲ್ ಅಲ್ಲೇ ನಿಂತಿತ್ತು. ಸ್ಟ್ಯಾಂಡ್ ತೆಗೆದು ನಿಧಾನವಾಗಿ ತುಳಿದರೆ ಮುಂದೆ ಸರಿಯಿತು. ಚಕ್ರ ನೆಲಕ್ಕೆ ತಾಗಿದಾಗ ಏನು ಹೊಸದಾಗಿ ಸೇರಿತು ಎಂದು ಕೇಳಿದೆ. "ತಿಕ್ಕೋದು" ಎಂದರು. ನೆಲಕ್ಕೆ ತಾಗಿದ್ದೂ ಹೋಗದೆ ಇರುವುದು ಉಂಟೇ? ಟೊಮೆಟೊ ತುಂಬಿದ ಟ್ರ್ಯಾಕ್ಟರು ಮಳೆಗಾಲದಲ್ಲಿ ಕೆಸರಿಗೆ ಸಿಕ್ಕಿಕೊಂಡದ್ದನ್ನು ನಾಲ್ಕೈದು ಮಂದಿ ಒಟ್ಟಿಗೆ ಹೇಳಿದರು. ಚಕ್ರದ ಕೆಳಗೆ ಕಲ್ಲು, ಗೋಣಿಚೀಲ ಹಾಕುತ್ತಾರೆ ಎಂದರು. ಏಕೆ ಹಾಕುತ್ತಾರೆ ಎಂಬುದನ್ನು ಅವರೇ ವಿವರಿಸಿದರು. "ಘರ್ಷಣೆ ಇಲ್ಲದಿದ್ದರೆ ನಡೆಯಲು ಆಗುವುದಿಲ್ಲ" ಎಂಬ ವಾಕ್ಯವನ್ನು ನಾನು ಬರೆಸಬೇಕಾಗಿ ಬರಲಿಲ್ಲ.

ಕೊನೆಯಲ್ಲಿ ಆ ಹುಡುಗ ಪಕ್ಕದವನ ಕಿವಿಯಲ್ಲಿ ತೆಲುಗಿನಲ್ಲಿ ಏನೋ ಹೇಳಿದ. ಪಕ್ಕದವನು ಎದ್ದು ಕನ್ನಡದಲ್ಲಿ ಕೇಳಿದ: "ಮಿಸ್, ಕಾರ್ಟೂನ್‌ನಲ್ಲಿ ಬೆಟ್ಟ ಮುಗಿದ ಮೇಲೂ ಗಾಳೀಲಿ ಓಡ್ತಾನೆ. ಕೆಳಗೆ ನೋಡಿದ ಮೇಲೇ ಬೀಳೋದು. ಅದು ಹೆಂಗೆ?"

ಅದು ಹಾಗಾಗುವುದಿಲ್ಲ ಎಂದು ಮಕ್ಕಳಿಗೂ ಗೊತ್ತು. ಆದರೆ ಏಕೆ ಆಗುವುದಿಲ್ಲ ಎಂದು ಹೇಳಲು ಎರಡು ವಿಷಯ ಬೇಕು. ಗಾಳಿಯಲ್ಲಿ ಪಾದಕ್ಕೆ ಹಿಂದಕ್ಕೆ ತಳ್ಳಲು ನೆಲವಿಲ್ಲ, ಆದ್ದರಿಂದ ಓಡಿ ವೇಗ ಹೆಚ್ಚಿಸಿಕೊಳ್ಳಲು ಆಗದು. ಗುರುತ್ವಾಕರ್ಷಣೆ ಯಾರೂ ಕೆಳಗೆ ನೋಡಲೆಂದು ಕಾಯುವುದಿಲ್ಲ, ಬಂಡೆಯ ಅಂಚು ಬಿಟ್ಟ ಕ್ಷಣದಿಂದಲೇ ಬೀಳಲು ಶುರು. ಮುಂದಕ್ಕೆ ಇದ್ದ ವೇಗ ಉಳಿದಿರುತ್ತದೆ, ಹಾಗಾಗಿ ನೇರ ಕೆಳಕ್ಕೆ ಬೀಳದೆ ಬಾಗಿದ ದಾರಿಯಲ್ಲಿ ಬೀಳುತ್ತಾನೆ. ಮೇಜಿನ ಅಂಚಿನಿಂದ ಒಂದು ಗೋಲಿಯನ್ನು ಉರುಳಿಸಿ ಅದನ್ನು ನೋಡಿದೆವು. ಅಷ್ಟರಲ್ಲಿ ಗಂಟೆ ಹೊಡೆಯಿತು. ಹೇಳುತ್ತೇನೆ, ಆ ದಿನದ ಯೋಜನೆಯಲ್ಲಿದ್ದ 'ತರಲ ಘರ್ಷಣೆ' ಭಾಗ ಮುಗಿಯಲೇ ಇಲ್ಲ. ಮಾರನೆಯ ದಿನಕ್ಕೆ ಉಳಿಯಿತು. ಈ ನಷ್ಟವನ್ನು ಮುಚ್ಚಿಡಬಾರದು.

ಡೋರಾ ಕಾಯುತ್ತಾಳೆ

ಕಾರ್ಟೂನು ನನಗೆ ಕಲಿಸಿದ ಇನ್ನೊಂದು ಪಾಠ ಬೋಧನಾ ಕೌಶಲಕ್ಕೆ ಸಂಬಂಧಿಸಿದ್ದು. ಮೇಲೆ ಹೇಳಿದ ಡೋರಾಳನ್ನು ನೆನಪಿಸಿಕೊಳ್ಳಿ. ಅಮೆರಿಕದಲ್ಲಿ 2000ದಲ್ಲಿ ಶುರುವಾದಾಗ ಅವಳು ಇಂಗ್ಲಿಷ್ ಮಾತಾಡಿ ನಡುನಡುವೆ ಸ್ಪ್ಯಾನಿಷ್ ಪದ ಕಲಿಸುತ್ತಿದ್ದಳು. ನಮ್ಮಲ್ಲಿಗೆ ಬಂದಾಗ ಕನ್ನಡ ಮಾತಾಡಿ ಇಂಗ್ಲಿಷ್ ಪದ ಕಲಿಸಿದಳು. ದಾರಿ ಯಾವುದು, ಸೇತುವೆ ಎಲ್ಲಿ ಎಂದು ಪ್ರಶ್ನೆ ಕೇಳಿ, ಪರದೆಯಿಂದ ನೇರ ನಮ್ಮನ್ನೇ ನೋಡುತ್ತಾ ಕಣ್ಣು ಮಿಟುಕಿಸಿ ಸುಮ್ಮನೆ ನಿಲ್ಲುತ್ತಿದ್ದಳು. ನನ್ನ ತಮ್ಮ ಗೋಡೆ ಹಾರುವಂತೆ ಕೂಗಿ ಉತ್ತರ ಹೇಳುತ್ತಿದ್ದ. ದೊಡ್ಡವರಿಗೆ ಆ ಮೌನ ತಮಾಷೆಯಾಗಿ ಕಾಣುತ್ತಿತ್ತು.

ಮೇರಿ ಬಡ್ ರೋವ್ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಅಧ್ಯಯನ ಮಾಡಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಎಂದು ತೋರಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಮೂರು ಸೆಕೆಂಡಿಗೂ ಹೆಚ್ಚು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮಾತಾಡದ ಮಕ್ಕಳೂ ಮಾತಾಡುತ್ತಾರೆ ಎಂದೂ ಅವರು ಕಂಡುಕೊಂಡರು. ಸೂಕ್ಷ್ಮಬೋಧನೆಯನ್ನು ರೂಪಿಸಿದ ಸ್ಟ್ಯಾನ್‌ಫರ್ಡ್‌ನವರ ಕೌಶಲಗಳ ಪಟ್ಟಿಯಲ್ಲಿ ಮೌನವೂ ಒಂದು ಕೌಶಲ. ಆದರೆ ಮೌನವನ್ನು ಅಭ್ಯಾಸ ಮಾಡಿದ ಸೂಕ್ಷ್ಮಪಾಠವನ್ನು ನಾನು ಇದುವರೆಗೆ ನೋಡಿಲ್ಲ. ನಾನೂ ಮಾಡಿಲ್ಲ. ಸಹಪಾಠಿಗಳೆದುರು ಸುಮ್ಮನೆ ನಿಂತರೆ 'ಮರೆತುಹೋಗಿದೆ' ಎಂದುಕೊಂಡಾರು ಎಂಬ ಭಯ.

ಆದರೂ ಟಿ.ವಿ.ಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಡೋರಾ ಕಾಯುತ್ತಾಳೆ, ಆದರೆ ಅವಳಿಗೆ ಕೇಳಿಸುವುದಿಲ್ಲ. ನನ್ನ ತಮ್ಮ ತಪ್ಪು ದಾರಿ ತೋರಿಸಿದರೂ ಅವಳು ಹೊಗಳಿ ಮುಂದೆ ಹೋಗುತ್ತಿದ್ದಳು. ನನಗೆ ಕಿವಿ ಇತ್ತು. ಹುಡುಗ ನನ್ನ ಮುಂದೆಯೇ ನಿಂತಿದ್ದ. ನಾನು ಕಾಯಲಿಲ್ಲ. ಕಾಯುವುದನ್ನೂ ಕೇಳಿಸಿಕೊಳ್ಳುವುದನ್ನೂ ಒಟ್ಟಿಗೆ ಮಾಡಲು ಶಿಕ್ಷಕರಿಂದ ಮಾತ್ರ ಸಾಧ್ಯ. ಅದನ್ನು ಬಿಟ್ಟುಕೊಟ್ಟರೆ ನಾವು ಟಿ.ವಿ.ಗಿಂತ ಹೆಚ್ಚೇನೂ ಅಲ್ಲ.

ಆಕ್ಷೇಪಗಳು

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ, ಕೆಲವು ನನ್ನವೂ ಹೌದು. ಕಾರ್ಟೂನಿನಲ್ಲಿ ಹೊಡೆದಾಟ ಹೆಚ್ಚು. ಸುತ್ತಿಗೆಯಿಂದ ಬಡಿದರೂ ಪಾತ್ರ ಎದ್ದು ನಿಲ್ಲುತ್ತದೆ. ನಡುವೆ ಬರುವ ಜಾಹೀರಾತು ಮಕ್ಕಳನ್ನೇ ಗುರಿಯಾಗಿಸಿರುತ್ತದೆ. ಆಟದ ಸಮಯ, ನಿದ್ದೆಯ ಸಮಯ ಹೋಗುತ್ತದೆ. ಇವೆಲ್ಲ ನಿಜ. ಮಕ್ಕಳು ಇನ್ನಷ್ಟು ಕಾರ್ಟೂನು ನೋಡಲಿ ಎಂದು ನಾನು ವಾದಿಸುತ್ತಿಲ್ಲ. ತರಗತಿಯಲ್ಲಿ ಕಾರ್ಟೂನು ಹಾಕಿ ತೋರಿಸಬೇಕು ಎಂದೂ ಹೇಳುತ್ತಿಲ್ಲ. ನನ್ನ ಪಾಠದಲ್ಲಿ ಪರದೆಯೇ ಇರಲಿಲ್ಲ. ಅವರು ಈಗಾಗಲೇ ನೋಡಿದ್ದು, ನೆನಪಿನಲ್ಲಿ ಹೊತ್ತು ತಂದದ್ದು ಮಾತ್ರ ಇತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ನೀಲ್ ಪೋಸ್ಟ್‌ಮನ್ ತಮ್ಮ 1985ರ ಪುಸ್ತಕದಲ್ಲಿ ಅಮೆರಿಕದ ಪ್ರಸಿದ್ಧ ಮಕ್ಕಳ ಕಾರ್ಯಕ್ರಮ ಸೆಸಮಿ ಸ್ಟ್ರೀಟ್ ಬಗ್ಗೆಯೇ ಸಂಶಯ ಎತ್ತಿದ್ದರು. ಶಾಲೆಯೂ ಟಿ.ವಿ.ಯಂತೆ ಇದ್ದರೆ ಮಾತ್ರ ಮಗು ಶಾಲೆಯನ್ನು ಪ್ರೀತಿಸುತ್ತದೆ ಎಂಬುದು ಅವರ ಆತಂಕ. ಪಾಠವೆಲ್ಲ ಮನರಂಜನೆ ಆಗಬೇಕು ಎಂದು ನಾವು ಹೊರಟರೆ ಆ ಆತಂಕ ನಿಜವಾಗುತ್ತದೆ. ಆದರೆ ನನ್ನ ತರಗತಿಯಲ್ಲಿ ನಡೆದದ್ದು ಅದರ ವಿರುದ್ಧ. ಮಕ್ಕಳು ನಕ್ಕು ಬಿಟ್ಟಿದ್ದ ದೃಶ್ಯವನ್ನು ನಿಲ್ಲಿಸಿ, ಇದು ನಿಜವೇ, ಏಕಲ್ಲ ಎಂದು ಪ್ರಶ್ನಿಸಿದೆವು. ನೋಡಿದ್ದನ್ನು ಪ್ರಶ್ನಿಸುವುದನ್ನು ಕಲಿಸದೆ 'ನೋಡಬೇಡಿ' ಎಂದಷ್ಟೇ ಹೇಳಿದರೆ, ಮಕ್ಕಳು ನೋಡುವುದನ್ನು ನಿಲ್ಲಿಸುವುದಿಲ್ಲ. ನಮಗೆ ಹೇಳುವುದನ್ನು ನಿಲ್ಲಿಸುತ್ತಾರೆ. ಆ ಹುಡುಗ "ಏನಿಲ್ಲ ಮಿಸ್" ಎಂದದ್ದು ಹಾಗೆಯೇ.

ಮೂರನೆಯದು ಸಮಯ. ಬೋಧನಾಭ್ಯಾಸದಲ್ಲಿ ಪಾಠಗಳ ಸಂಖ್ಯೆ ನಿಗದಿ, ಅವಧಿ ನಿಗದಿ. ಪ್ರತಿ ಮಗುವಿನ ಪ್ರತಿ ಟಿ.ವಿ. ಕತೆಗೂ ನಿಂತರೆ ಪಾಠ ಮುಗಿಯದು. ಒಪ್ಪುತ್ತೇನೆ. ಎಲ್ಲಿ ನಿಲ್ಲಬೇಕು, ಯಾವುದನ್ನು ನಗುತ್ತಾ ಮುಂದೂಡಬೇಕು ಎಂದು ಆರಿಸುವುದೇ ಕಲಿಯಬೇಕಾದದ್ದು. ಆ ದಿನ ನಾನು ಆರಿಸಲಿಲ್ಲ, 'ಟಿ.ವಿ.' ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಬಾಗಿಲು ಹಾಕಿದೆ. "ಒಳ್ಳೆ ಪ್ರಶ್ನೆ, ನಾಳೆ ಇದರಿಂದಲೇ ಶುರುಮಾಡೋಣ" ಎನ್ನಲು ಐದು ಸೆಕೆಂಡು ಸಾಕಿತ್ತು.

ನನ್ನ ಕೋರಿಕೆ

ಗುರುಗಳಲ್ಲಿಯೂ ಸಹ ಪ್ರಶಿಕ್ಷಣಾರ್ಥಿಗಳಲ್ಲಿಯೂ ನನ್ನ ಕೋರಿಕೆ ಮೂರು.

ಒಂದು, ನಮ್ಮ ಪಾಠಯೋಜನೆಯ 'ಪೂರ್ವಜ್ಞಾನ' ಎಂಬ ಅಂಕಣ. ಅಲ್ಲಿ ನಾವೆಲ್ಲ ಹಿಂದಿನ ತರಗತಿಯ ಪಠ್ಯಪುಸ್ತಕ ನೋಡಿ "ವಿದ್ಯಾರ್ಥಿಗಳು ಬಲದ ಬಗ್ಗೆ ತಿಳಿದಿರುತ್ತಾರೆ" ಎಂದು ಬರೆಯುತ್ತೇವೆ. ಮಕ್ಕಳನ್ನು ಕೇಳಿ ಬರೆಯುವುದಿಲ್ಲ. ಆ ಅಂಕಣಕ್ಕೆ ಎರಡು ಸಾಲು ಸೇರಲಿ: ಈ ವಿಷಯದ ಬಗ್ಗೆ ಮಕ್ಕಳು ಮನೆಯಲ್ಲಿ, ಪರದೆಯಲ್ಲಿ ಏನು ನೋಡಿದ್ದಾರೆ? ಇದಕ್ಕೆ ಅವರ ಮನೆಮಾತಿನ ಪದ ಯಾವುದು? ಹಿಂದಿನ ದಿನ ಎರಡು ನಿಮಿಷ ಕೇಳಿದರೆ ಉತ್ತರ ಸಿಗುತ್ತದೆ.

ಎರಡು, ಸೂಕ್ಷ್ಮಬೋಧನೆಯಲ್ಲಿ ಸಹಪಾಠಿಗಳು ಬೇಕೆಂದೇ ಒಂದು ಅನಿರೀಕ್ಷಿತ ಪ್ರಶ್ನೆ ಕೇಳಲಿ. ಈಗ ನಾವು ಒಬ್ಬರಿಗೊಬ್ಬರು ವಿಧೇಯ ವಿದ್ಯಾರ್ಥಿಗಳಾಗಿ ಕುಳಿತು, ಉತ್ತರ ಗೊತ್ತಿರುವ ಪ್ರಶ್ನೆಗೆ ಉತ್ತರ ಹೇಳಿ ಎದ್ದು ಬರುತ್ತೇವೆ. ನಿಜವಾದ ತರಗತಿ ಹಾಗಿರುವುದಿಲ್ಲ ಎಂದು ಮೊದಲ ವಾರದಲ್ಲೇ ಗೊತ್ತಾಗುತ್ತದೆ.

ಮೂರು, ಅವಲೋಕನ ಹಾಳೆಯಲ್ಲಿ 'ತರಗತಿ ನಿಯಂತ್ರಣ'ದ ಪಕ್ಕದಲ್ಲಿ ಇನ್ನೊಂದು ಅಂಶ ಇರಲಿ: ಮಕ್ಕಳು ತಾವಾಗಿ ಎತ್ತಿದ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ಹೇಗೆ ಸ್ವೀಕರಿಸಿದರು? ಅಂಕ ಎಲ್ಲಿದೆಯೋ ನಮ್ಮ ಗಮನ ಅಲ್ಲಿರುತ್ತದೆ ಎಂಬ ಸತ್ಯವನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಆ ಅಂಶ ಹಾಳೆಯಲ್ಲಿ ಇದ್ದಿದ್ದರೆ, ಆ ದಿನ ನಾನು ಗಡಿಯಾರದ ಬದಲು ಹುಡುಗನ ಮುಖ ನೋಡುತ್ತಿದ್ದೆ.

ಇದನ್ನೆಲ್ಲ ಮಾರ್ಗದರ್ಶಕರಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿದಾಗ ಅವರು ಬೇಸರಪಡಲಿಲ್ಲ. "ಹಾಗಿದ್ದರೆ ಬರೆಯಮ್ಮ, ಉಳಿದವರೂ ಓದಲಿ" ಎಂದರು. ಅದಕ್ಕಾಗಿಯೇ ಈ ಲೇಖನ.

ಬೋಧನಾಭ್ಯಾಸದ ಕೊನೆಯ ದಿನ ಮಕ್ಕಳು ಕೊಟ್ಟ ಶುಭಾಶಯ ಪತ್ರಗಳಲ್ಲಿ ಆ ಹುಡುಗನದೂ ಒಂದಿತ್ತು. ಅದರಲ್ಲಿ ಮಾತೇನೂ ಇರಲಿಲ್ಲ, ಹೆಸರು ಮಾತ್ರ. ಪೆನ್ಸಿಲಿನಲ್ಲಿ ಬಿಡಿಸಿದ ಒಂದು ಬೆಕ್ಕು, ಅದರ ಕಾಲಿನ ಜಾಗದಲ್ಲಿ ಚಕ್ರದಂತಹ ಸುತ್ತುಗಳು, ಕೆಳಗೆ ಒಂದು ಗೋಣಿಚೀಲ.